ಹೊರಗೆ ಹೋಗಿ ಒಳಗೆ ಬಾ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಟೈ ಗಂಟನ್ನು ರಾಬಿನ್ ಮೂರನೇ ಸಲ ಬಿಚ್ಚಿ ಕಟ್ಟಿದಳು. ಅದು ಮತ್ತೆ ಎಡಕ್ಕೇ ವಾಲಿತು.

"ಬಿಡೇ ಸಾಕು," ಎಂದಳು ತಾಯಿ ಐಲೀನ್. "ನಮ್ಮ ಮದುವೆ ದಿನಾನೂ ಹಿಂಗೇ ಇತ್ತು. ನೆಟ್ಟಗೆ ಕಟ್ಟಿದ್ರೆ ಬಂದವರು ಇವರನ್ನ ಗುರುತೇ ಹಿಡಿಯಲ್ಲ."

ರಾಬಿನ್ ನಕ್ಕಳು. ಇನ್ನರ್ಧ ಗಂಟೆಯಲ್ಲಿ ಅವಳು ಚರ್ಚಿನಲ್ಲಿ ಎಲ್ಲರೆದುರು ಅಪ್ಪನ ಬಗ್ಗೆ ಮಾತಾಡಬೇಕು. ಏನು ಹೇಳುವುದು? ಹೋದ ತಿಂಗಳು ಅಪ್ಪ ಫೋನಿನಲ್ಲಿ ಕೆಲಸದ ಕತೆ ತೆಗೆದಾಗ, "ಕೊರೀಬೇಡಿ ಅಪ್ಪಾ" ಎಂದು ಇಟ್ಟುಬಿಟ್ಟಿದ್ದಳು. ಅದೇ ಕೊನೆಯ ಮಾತು.

ಹವಾಮಾನ ಕೇಂದ್ರದಲ್ಲಿ ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದ ತುಯೆಟ್ ಚರ್ಚಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸಲಾಡಿನ ಮುಚ್ಚಳ ತೆಗೆಯುತ್ತಿದ್ದಳು.

"ಅಪ್ಪ ಅಲ್ಲಿ ನಿಜವಾಗ್ಲೂ ಮಾಡ್ತಿದ್ದದ್ದೇನು?" ಎಂದು ಕೇಳಿದಳು ರಾಬಿನ್.

"ಜಾಗ ಹಿಡಿಯೋದು!" ತುಯೆಟ್ ಕಣ್ಣರಳಿಸಿದಳು. "ಬೆಂಚಿನ ಮೇಲೆ ಕೋಟು ಹಾಕ್ತೀವಲ್ಲ, ಹಂಗೆ. ಕಂಪ್ಯೂಟರಿನ ಮೆಮೊರೀಲಿ ಒಂದಿಷ್ಟು ಜಾಗ ಹಿಡಿದಿಟ್ರೆ, ನೆಟ್‌ವರ್ಕ್ ಕಾರ್ಡು ಯಾರನ್ನೂ ಕೇಳದೆ ನೇರ ಅಲ್ಲೇ ಬರೆದುಬಿಡುತ್ತೆ. ಅದಕ್ಕೆ ಅಪ್ಪಣೆ ಬೇಕು. ಆ ಅಪ್ಪಣೆ ಕೊಡ್ಸೋನು ನಿಮ್ಮಪ್ಪ."

\*

ಅದು ವರ್ಷಗಳ ಹಿಂದಿನ ಒಂದು ಮೇ ತಿಂಗಳು. ಹವಾಮಾನ ಕೇಂದ್ರದ ಕಿಟಕಿಯಾಚೆ ಒಕ್ಲಹೋಮಾದ ಆಕಾಶ ಬಿರುಗಾಳಿಗೆ ಮುಂಚಿನಂತೆ ಹಸಿರುಗಟ್ಟಿತ್ತು. ತುಯೆಟ್ ನೆಟ್‌ವರ್ಕ್ ಕಾರ್ಡಿಗೆ ಹೊಸ ಡ್ರೈವರ್ ತಂತ್ರಾಂಶ ಹಾಕಿದ್ದಳು, ಅಪ್ಪಣೆಯ ಕಡತದಲ್ಲಿ 'ಮಿತಿಯಿಲ್ಲ' ಎಂದು ಬರೆದಿದ್ದಳು. ಆದರೂ ಬಿರುಗಾಳಿ ಲೆಕ್ಕ ಹಾಕುವ ಪ್ರೋಗ್ರಾಂ 'ಮೆಮೊರಿ ಸಾಲದು' ಎಂದು ನಿಂತುಬಿಡುತ್ತಲೇ ಇತ್ತು. ತುಯೆಟ್‌ಗೆ ಅಳುವೇ ಬಂದಿತ್ತು.

ರಾಬಿನ್‌ಳ ಅಪ್ಪ ಡೆಲ್ಬರ್ಟ್ ಕಡಲೇಕಾಯಿ ಸುಲಿಯುತ್ತ ಬಂದ.

"ಲಾಗಿನ್ ಆಗಿದ್ದು ಯಾವಾಗ?"

"ನಿನ್ನೆ."

"ಅಪ್ಪಣೆ ಬರೆದದ್ದು?"

"ಇವತ್ತು."

"ಮತ್ತೆ! ಮೊದಲೇ ಒಳಗೆ ಕೂತೋರಿಗೆ ಹಳೇ ಅಪ್ಪಣೇನೇ ಕಣಮ್ಮ. ಹೊರಗೆ ಹೋಗಿ ಒಳಗೆ ಬಾ."

ಅವಳು ಲಾಗೌಟ್ ಆಗಿ ಮತ್ತೆ ಲಾಗಿನ್ ಆದಳು. ಪ್ರೋಗ್ರಾಂ ಓಡಿತು. ಸಂಜೆಯ ಬಿರುಗಾಳಿಯ ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಜನರಿಗೆ ಹೋಯಿತು. ಡೆಲ್ಬರ್ಟ್ ಉಳಿದ ಕಡಲೇಕಾಯಿಯನ್ನು ಅವಳ ಮೇಜಿನ ಮೇಲೆ ಸುರಿದು ಮನೆಗೆ ಹೋದ.

\*

"ಅಯ್ಯೋ," ಎಂದಳು ರಾಬಿನ್. "ಮನೇಲೂ ಅದನ್ನೇ ಹೇಳೋರು! ನಾನು ಜಗಳ ಆಡಿದ್ರೆ ಅಂಗಳಕ್ಕೆ ಕಳಿಸೋರು. ಹೊರಗೆ ಹೋಗಿ ಒಳಗೆ ಬಂದು, ಅಪ್ಪಾ ನಾನು ಬಂದೆ ಅನ್ಬೇಕು. ಅಷ್ಟಂದ್ರೆ ಆಯ್ತು, ಹಳೇ ಜಗಳ ಯಾರೂ ಎತ್ತೋ ಹಾಗೇ ಇಲ್ಲ."

"ಎಲ್ರಿಗೂ ಅದೇ ಔಷಧಿ," ಎಂದು ತುಯೆಟ್ ಕಿಸಕ್ಕನೆ ನಕ್ಕಳು.

ಪಾದ್ರಿ ಹೆಸರು ಕರೆದರು. ರಾಬಿನ್ ಪೆಟ್ಟಿಗೆಯ ಪಕ್ಕ ನಿಂತು ಬಾಯಿ ತೆರೆದಳು. 'ಕೊರೀಬೇಡಿ' ಎಂಬ ಮಾತೇ ನೆನಪಿಗೆ ಬಂತು. ಅವಳು ಅಲ್ಲಿಂದ ತಿರುಗಿ, ಬೆಂಚುಗಳ ನಡುವೆ ನಡೆದು, ಬಾಗಿಲು ದೂಡಿ ಹೊರಗೆ ಹೋದಳು.

ಗುಸುಗುಸು ಎದ್ದಿತು. ಪಾದ್ರಿ ಹಿಂದೆ ಹೋಗಲು ಹೊರಟರು.

"ತಡೀರಿ," ಎಂದಳು ಐಲೀನ್, ಕಣ್ಣೊರೆಸಿಕೊಳ್ಳುತ್ತ. "ಬರ್ತಾಳೆ."

ಬಾಗಿಲು ತೆರೆಯಿತು. ಬಿಸಿಲು ಅಪ್ಪನ ವಾಲಿದ ಟೈವರೆಗೂ ಬಂದು ಬಿತ್ತು. ಹೊಸ್ತಿಲಲ್ಲಿ ನಿಂತ ರಾಬಿನ್ ಕೊನೆಯ ಬೆಂಚಿನವರಿಗೂ, ಮೊದಲ ಬೆಂಚಿನವರಿಗೂ ಕೇಳುವಂತೆ ಹೇಳಿದಳು:

"ಅಪ್ಪಾ, ನಾನು ಬಂದೆ."