ತಾನಾಗಿ ನಡೆಯುವ ಮನೆ

ಇವರು ಶರಾವತಿ ಯೋಜನೆಯಲ್ಲಿ ವೈರ್‌ಮನ್ ಆಗಿ ಸೇರಿದ ಮೇಲೆ ನಮ್ಮ ಮನೆಗೊಂದು ಹೊಸ ಕಾಯಿಲೆ ಅಂಟಿಕೊಂಡಿತು. ರಜೆಗೆ ಬಂದಾಗಲೆಲ್ಲ ಮನೆಯ ಒಂದಲ್ಲ ಒಂದು ಕೆಲಸ ತಾನಾಗಿ ನಡೆಯುವಂತೆ ಏನಾದರೂ ಹೂಡುತ್ತಿದ್ದರು. ರಾಜ್ಯಕ್ಕೆಲ್ಲ ಕರೆಂಟು ಕೊಡಲು ಹೊರಟವರ ಸ್ವಂತ ಮನೆಯಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆ ಬುಡ್ಡಿ. ಹಾಗೆಂದು ಚುಚ್ಚಿದರೆ ನಗುತ್ತಿದ್ದರು. ಕಕ್ಕಬೆಯಲ್ಲಿ ಬಸ್ಸಿಳಿದು ಉಸಿರು ಬಿಡುತ್ತ ಏರು ಹತ್ತಬೇಕಾದ ನಮ್ಮ ಮನೆಗೆ ಲೈಟು ಕಂಬ ಬರುವಷ್ಟರಲ್ಲಿ ಇಬ್ಬರ ತಲೆಯೂ ನರೆತಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷ ಕೈಲ್ ಮುಹೂರ್ತಕ್ಕೆ ಬಂದವರು ಹಬ್ಬದ ಮರುದಿನವೇ ಪತ್ತಾಯದ ಮುಂದೆ ಕುಕ್ಕರಗಾಲಲ್ಲಿ ಕೂತರು. ಭತ್ತ ತುಂಬುವ ಆ ದೊಡ್ಡ ಮರದ ಪೆಟ್ಟಿಗೆ ಅಡಿಗೆಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಅದರ ಮೈಮೇಲೆ ಸೀಮೆಸುಣ್ಣದಿಂದ ಮನೆಯ ನಕ್ಷೆ ಬರೆಯತೊಡಗಿದರು. ನಾನು ರೊಟ್ಟಿ ತಟ್ಟುತ್ತ ನೋಡುತ್ತಿದ್ದೆ.

“ಇದ್ ತೊಟ್ಟಿ. ಇದ್ ಕೋಳಿಗೂಡ್. ಇದ್ ಗೇಟ್.”

“ಅದೆಲ್ಲ ಎಂತಕ್ಕೆ?”

“ನಾ ಇಲ್ಲದಿದ್ದರೂ ಮನೆ ನಡೆಯೊಕು, ನೀಲಾ. ಆಣೆಕಟ್ಟಿನ ಕೆಲಸ ಮುಗಿತಾ ಬಾತ್. ಅಲ್ಲೇ ಖಾಯಂ ಕೆಲಸ ಉಟ್ಟು ಅಂತ ಹೇಳ್ಯೊಳೊ. ನಿಂಗೆ ಇಲ್ಲಿ ಕಷ್ಟ ಇಲ್ಲೆ ಅಂತ ಆದರೆ ಹೋಕು ಅಂತ ಉಟ್ಟು.”

ಕಷ್ಟ ಉಂಟು ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಹೋಗಬೇಡಿ ಎಂದು ಗಂಡನ ಮುಖ ನೋಡಿ ಹೇಳುವುದಕ್ಕೆ ನನಗೆ ನಾಚಿಕೆ. ಮೊಣಕಾಲುದ್ದ ಕೆಸರಲ್ಲಿ ನಿಂತು ಆಳುಗಳ ಮೇಲೆ ಕೂಗಾಡುವವಳಿಗೆ ಅದೊಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನೀನೂ ಬಾ, ಕ್ವಾರ್ಟರ್ಸ್ ಕೊಡುತ್ತಾರೆ ಎಂದು ಅವರು ಮೊದಲೇ ಕರೆದಿದ್ದರು. ಗದ್ದೆ, ಏಲಕ್ಕಿ ತೋಟ, ಹಟ್ಟಿಯ ದನ ಯಾರ ಕೈಗೆ ಕೊಟ್ಟು ಹೋಗಲಿ? ಮಕ್ಕಳಿನ್ನೂ ಆಗಿರಲಿಲ್ಲ. ಇವರು ಬರಬೇಕು, ಬಂದು ನಿಲ್ಲಬೇಕು, ನನಗೆ ಬೇಕಾದದ್ದು ಅಷ್ಟೇ.

ಹಾಗಾಗಿ ಇವರು ಹೂಡಿದ್ದೆಲ್ಲ ಕೆಟ್ಟುಹೋಗಲಿ ಎಂದು ಇಗ್ಗುತಪ್ಪನಿಗೆ ಹರಕೆ ಹೊತ್ತೆ.

ತೊರೆಯ ನೀರು ಸೀಳು ಬಿದಿರಿನಲ್ಲಿ ಹರಿದು ಹಿತ್ತಲ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯಲ್ಲಿ ಒಣಗಿದ ಸೋರೆಬುರುಡೆಯೊಂದನ್ನು ತೇಲಿಬಿಟ್ಟರು. ನೀರು ತುಂಬಿದಾಗ ಬುರುಡೆ ಮೇಲೆದ್ದು ಒಂದು ಕೋಲನ್ನು ನೂಕಬೇಕು, ಕೋಲು ಬಿದಿರಿನ ಬಾಯನ್ನು ಏಲಕ್ಕಿ ಗಿಡಗಳ ಕಡೆ ತಿರುಗಿಸಬೇಕು. ತಿರುಗಿಸಿತು. ಕೋಳಿಗೂಡಿನ ಬಾಗಿಲಿಗೆ ಹಗ್ಗ ಕಟ್ಟಿ, ಅದನ್ನು ಕೊಂಬೆಯೊಂದರ ಮೇಲಿಂದ ಹಾಯಿಸಿ, ಇನ್ನೊಂದು ತುದಿಗೆ ತೂತು ಡಬ್ಬಿ ನೇತುಹಾಕಿದರು. ಮಧ್ಯಾಹ್ನ ಡಬ್ಬಿಗೆ ನೀರು ತುಂಬಿದರೆ ಸಂಜೆಯೊಳಗೆ ಸೋರಿ ಹಗುರಾಗುತ್ತದೆ, ಬಾಗಿಲು ತಾನೇ ಇಳಿಯುತ್ತದೆ. ಅದೂ ಇಳಿಯಿತು. ಗದ್ದೆಗೆ ಬರುವ ಹಂದಿಗಳಿಗಾಗಿ, ನೀರು ತುಂಬಿ ಬಾಗಿ, ಚೆಲ್ಲಿ, ಹಿಂದಕ್ಕೆ ಬಂದು ಕಲ್ಲಿಗೆ ಬಡಿಯುವ ಬಿದಿರು ಇಟ್ಟರು. ಅದು ನಮ್ಮ ಅಜ್ಜಂದಿರ ಕಾಲದ ಉಪಾಯ. ಆದರೂ ವೈರ್‌ಮನ್ ಸಾಹೇಬರ ನಕ್ಷೆಯಲ್ಲಿ ಅದಕ್ಕೂ ಜಾಗ ಸಿಕ್ಕಿತು. ಇಗ್ಗುತಪ್ಪನೂ ಗಂಡಸೇ ತಾನೇ, ಅವರ ಪಕ್ಷವೇ ವಹಿಸಿದ.

ಕೊನೆಗೆ ಗೇಟು. ನಮ್ಮ ಗೇಟು ಕೆಳಗೆ ಗದ್ದೆಯ ಬದಿಯಲ್ಲಿತ್ತು, ಕಾಫಿ ಗಿಡಗಳ ಮರೆಯಿಂದಾಗಿ ಮನೆಗೆ ಕಾಣುತ್ತಿರಲಿಲ್ಲ. ಅಲ್ಲಿಂದ ಅಡಿಗೆಮನೆಯವರೆಗೆ ಮರದಿಂದ ಮರಕ್ಕೆ ತಂತಿ ಎಳೆದು, ಗೋಡೆಗೆ ಟಾರ್ಚಿನ ಬ್ಯಾಟರಿಗಳನ್ನೂ ಒಂದು ಗಂಟೆಯನ್ನೂ ಕೂರಿಸಿದರು. ಗೇಟು ತೆರೆದರೆ ಎರಡು ತಾಮ್ರದ ಪಟ್ಟಿಗಳು ತಾಗಿ ಗಂಟೆ ಬಡಿಯುತ್ತದೆ.

“ಒಬ್ಬಳೇ ಇರುವವಳು. ಯಾರ್ ಬಂದೊಳೊ ಅಂತ ಮೊದಲೇ ಗೊತ್ತಾಕು,” ಎಂದರು.

ಪಕ್ಕದ ಮನೆಯ ದೇರಪ್ಪ ಮಾವ ಎರಡೆರಡು ಸಲ ಗೇಟು ತೆರೆದು ಮುಚ್ಚಿ, “ತಂತಿ ಬಂದ್ ನಿಮ್ಮ ಮನೆ ಟಪಾಲ್ ಆಫೀಸ್ ಆತಲ್ಲ, ಬೆಳ್ಯಪ್ಪ!” ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಇವರ ಮುಖ ಅರಳಿತು. ನನಗೆ ಮಾತ್ರ ಒಳಗೆ ಉರಿಯುತ್ತಿತ್ತು. ರಜೆ ಮುಗಿಯಿತು, ಹೋದರು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಗಂಟೆ ಬಡಿದರೆ ಸಾಕು, ಇವರೇ ಬಂದರು ಎನಿಸುತ್ತಿತ್ತು. ರಜೆ ಇಲ್ಲ, ಈಗ ಬರುವುದಿಲ್ಲ ಎಂದು ತಲೆಗೆ ಗೊತ್ತು. ಕಾಲಿಗೆ ಗೊತ್ತಾಗಬೇಕಲ್ಲ! ಹಿಟ್ಟಿನ ಕೈಯಲ್ಲೇ ಅಂಗಳ ದಾಟಿ, ಕಾಫಿ ಗಿಡಗಳ ನಡುವೆ ಓಡಿ ಹೋಗಿ ನೋಡಿದರೆ ಗೇಟಿಗೆ ಮೈ ತಿಕ್ಕುತ್ತಿರುವ ಹಸು. ಇನ್ನೊಮ್ಮೆ ಸುಣ್ಣ ಕೇಳಲು ಬಂದ ದೇರಪ್ಪ ಮಾವ. ಮತ್ತೊಮ್ಮೆ ಯಾರೂ ಇಲ್ಲ, ಬರೀ ಗಾಳಿ. ಮೊದಲಾದರೆ ದಿನಕ್ಕೊಮ್ಮೆ, ದೀಪ ಹಚ್ಚುವಾಗ, ಇವರನ್ನು ನೆನೆದು ಸುಮ್ಮನಾಗುತ್ತಿದ್ದೆ. ಈಗ ಕಂಡ ಕಂಡವರೆಲ್ಲ ನೆನಪು ಮಾಡಿಕೊಡುತ್ತಿದ್ದರು. ಹಸುವಿನ ಬೆನ್ನಿಗೆ ಒಂದು ಗುದ್ದಿ, ಅದರ ಕೊರಳು ತಬ್ಬಿಕೊಂಡು ಅತ್ತ ದಿನವೂ ಉಂಟು.

ಒಂದು ಮಧ್ಯಾಹ್ನ ಸಾಕಾಗಿಹೋಯಿತು. ಇವರ ಹಳೇ ಅಂಗಿಯ ತುಂಡು ಹರಿದು ಗಂಟೆಯ ಬಟ್ಟಲಿಗೂ ಸುತ್ತಿಗೆಗೂ ನಡುವೆ ಬಿಗಿಯಾಗಿ ತುರುಕಿದೆ. ಮನೆ ತಣ್ಣಗಾಯಿತು.

ಹುತ್ತರಿ ಹಬ್ಬದ ಮುನ್ನಾದಿನ ಇವರು ಬಂದರು. ಬಂದದ್ದು ನನಗೆ ತಿಳಿಯಲೇ ಇಲ್ಲ. ಹಿತ್ತಲಲ್ಲಿ ಹುರಿದ ಅಕ್ಕಿ ಬೀಸಿ ತಲೆಯೆತ್ತಿದರೆ, ಚೀಲ ಬೆನ್ನಿಗೇರಿಸಿಕೊಂಡು ತಂತಿಯನ್ನು ಮರದಿಂದ ಮರಕ್ಕೆ ತಡವುತ್ತ ಬರುತ್ತಿದ್ದಾರೆ. ನನ್ನ ಮುಖವನ್ನೂ ನೋಡದೆ ಒಳಗೆ ನುಗ್ಗಿದರು. ಬ್ಯಾಟರಿಯ ತಂತಿಗಳನ್ನು ನಾಲಿಗೆಗೆ ತಾಗಿಸಿ ನೋಡಿದರು. ಕರೆಂಟು ಇತ್ತು. ಆಮೇಲೆ ಕಣ್ಣಿಗೆ ಬಿತ್ತು ಬಟ್ಟೆ. ಅಂಗಿಯ ಗೀರು ನೋಡಿಯೇ ಗುರುತು ಹಿಡಿದರು. ಮುಖ ಸಣ್ಣದಾಯಿತು.

“ಗೇಟಲ್ಲಿ ನಿಂತ್ ತೆಗ್ದೆ, ಮುಚ್ಚಿದೆ. ನೀ ಬರ್ಲಿಲ್ಲೆ. ನಾ ಬಾದ್ ನಿಂಗೆ ಬೇಡನಾ?”

ನನಗೆ ಬಂದ ಸಿಟ್ಟಿಗೆ ನಾಚಿಕೆ ಎಲ್ಲಿ ಹೋಯಿತೋ.

“ಎಲ್ಲವುಕ್ಕೂ ಬಡಿದದೆ ಅದ್! ದನಕ್ಕೂ, ದೇರಪ್ಪ ಮಾವಂಗೂ. ನೀವು ಅಂತ ಓಡಿ ಓಡಿ ನಂಗೆ ಸಾಕಾತ್. ನೀರ್‌ಗೆ ಬುರುಡೆ ಮಾಡಿದರಿ, ಹಂದಿಗೆ ಬಿದಿರ್ ಮಾಡಿದರಿ. ನೀವು ಇಲ್ಲದ್ದಕ್ಕೆ ಎಂತ ಮಾಡಿದರಿ?”

ಇವರು ಪತ್ತಾಯಕ್ಕೆ ಒರಗಿ ಕೂತುಬಿಟ್ಟರು. ಗಂಟೆಯಿಂದ ಕಿತ್ತ ಅಂಗಿಯ ತುಂಡನ್ನು ಕೈಯಲ್ಲಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಆ ಖಾಯಂ ಕೆಲಸಕ್ಕೆ ನಾ ಒಪ್ಪಿಗೆ ಕೊಟ್ಟೊಳೆ, ನೀಲಾ,” ಎಂದರು. “ನೀ ಮೊದಲೇ ಹೇಳೊಕಿತ್ತ್.”

“ನೀವು ಕೇಳೊಕಿತ್ತ್,” ಎಂದೆ.

ಹುತ್ತರಿಗೆ ಕದಿರು ತಂದೆವು, ಹೊಸ ಅಕ್ಕಿಯ ಪಾಯಸ ಉಂಡೆವು. ಆ ಕೆಲಸದ ಮಾತು ಮತ್ತೆ ಬರಲಿಲ್ಲ. ಆದರೆ ಒಂದು ಸಂಜೆ ಇವರು ಒದ್ದೆ ಬಟ್ಟೆ ತಂದು ಪತ್ತಾಯದ ಮೇಲಿನ ನಕ್ಷೆಯನ್ನು ಒರೆಸುತ್ತಿದ್ದರು. ತೊಟ್ಟಿ ಹೋಯಿತು, ಕೋಳಿಗೂಡು ಹೋಯಿತು, ಗೇಟು ಹೋಯಿತು. ಮರದ ಗೆರೆಗಳಲ್ಲಿ ಸುಣ್ಣ ಸ್ವಲ್ಪ ಉಳಿದೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟೆ. ಕಣ್ಣೀರು ಹಾಕಬಾರದೆಂದು ಹಿಟ್ಟು ಕಲಸುತ್ತ ಒಳಗೇ ಉಳಿದೆ. ಚಪ್ಪಲಿಯ ಸದ್ದು ಅಂಗಳ ದಾಟಿ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಗಂಟೆ ಬಡಿಯಿತು. ಹೋದರು ಎಂದುಕೊಂಡೆ. ಬರುವವರಿಗೂ ಹೋಗುವವರಿಗೂ ಅದಕ್ಕೆ ಇರುವುದು ಒಂದೇ ದನಿ.

ಮತ್ತೆ ಬಡಿಯಿತು. ನಿಂತಿತು. ಮತ್ತೆ ಬಡಿಯಿತು. ಹಸು ಹಟ್ಟಿಯಲ್ಲೇ ಇತ್ತು, ಗಾಳಿ ಇರಲಿಲ್ಲ. ಇವರು ಗೇಟನ್ನು ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ಮತ್ತೆ ತೆರೆಯುತ್ತಿದ್ದರು.

ಎಂದಿನ ಹಾಗೆ ಓಡಲು ಬಾಗಿಲವರೆಗೆ ಹೋದೆ, ಅಲ್ಲೇ ನಿಂತೆ. ನಾನು ಕೆಳಗೆ ಹೋದರೆ ಇವರು ಮುಖ ನೋಡುತ್ತಾರೆ, ಬರುತ್ತೇನೆ ಎನ್ನುತ್ತಾರೆ, ಗೇಟು ಬಿಟ್ಟು ನಡೆಯುತ್ತಾರೆ. ಗಂಟೆ ಬಡಿಯುವಷ್ಟು ಹೊತ್ತು ಇವರಿನ್ನೂ ಹೋಗಿಲ್ಲ. ಬ್ಯಾಟರಿ ಮುಗಿದರೆ ಮುಗಿಯಲಿ ಎಂದುಕೊಂಡು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಗಂಟೆಯ ಕೆಳಗೆ ಕೂತೆ.