ಅಜ್ಜಿಗಿಡದ ಹನಿ

ಹೂವುಗಳಿಗೆ ಸಂಬಂಧ ಕುದುರಿಸುವುದೇ ಅವಳ ಕಸುಬು. ಜೇನು, ದುಂಬಿ ಒಳಗೆ ಬಾರದಂತೆ ಮುಚ್ಚಿದ ಗಾಜಿನ ಮನೆಗಳಲ್ಲಿ ಬೆಳೆಯುವ ಕುಂಬಳ, ಕಲ್ಲಂಗಡಿಗಳಿಗೆ ಸಣ್ಣ ಕುಂಚದಿಂದ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕುಂಚದಕ್ಕ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಜೋರು. "ನಾನು ಮುಟ್ಟಿದ ಹೂವು ಕಾಯಿ ಕಟ್ಟದೆ ಉದುರಿದ್ದುಂಟಾ? ತೋರಿಸಿ ನೋಡೋಣ!" ಎಂದು ಸವಾಲು ಹಾಕುವವಳು. ಹಾಗೆ ಕೊಚ್ಚಿಕೊಳ್ಳುವುದಕ್ಕೆ ಅವಳಿಗೆ ಹಕ್ಕೂ ಇತ್ತೆನ್ನಿ.

ಅವಳ ದೊಡ್ಡಪ್ಪ ಸಸ್ಯತೋಟವೊಂದರ ಹಳೆಯ ಗಾಜಿನ ಮನೆಯನ್ನು ನೋಡಿಕೊಳ್ಳುತ್ತಿದ್ದ. ಅದರ ನಟ್ಟನಡುವೆ ಒಂದು ಸೈಕಸ್ ಗಿಡ. ನೋಡಿದವರು ತಾಳೆಯ ಜಾತಿ ಎಂದುಕೊಳ್ಳಬೇಕು, ಆದರೆ ತಾಳೆಗೂ ಅದಕ್ಕೂ ಯಾವ ನಂಟೂ ಇಲ್ಲ. ವಯಸ್ಸೆಷ್ಟೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಈಗ ಅಜ್ಜಿಯ ಬುಡಕ್ಕೆ ಕೊಳೆ ಹತ್ತಿತ್ತು. ಪಕ್ಕದಲ್ಲಿ ಮರಿಯೊಡೆಯುವ ಗುಣವೂ ಅದಕ್ಕಿರಲಿಲ್ಲ. ಬೀಜ ಕಟ್ಟಿದರೆ ಈ ಸಲವೇ ಕಟ್ಟಬೇಕು, ಇಲ್ಲವಾದರೆ ಅಜ್ಜಿಯ ವಂಶ ಅಲ್ಲಿಗೆ ಮುಗಿಯಿತು. ಜೊತೆಗಿದ್ದ ಗಂಡುಗಿಡ ಸತ್ತು ಎಷ್ಟೋ ಕಾಲವಾಗಿತ್ತು.

ತೋಟದ ಮೇಡಂ ಎಲ್ಲೆಲ್ಲೋ ಕೇಳಿ, ಬೇಡಿ, ದೂರದ ಇನ್ನೊಂದು ತೋಟದಿಂದ ಬೆರಳುದ್ದದ ಸೀಸೆಯಲ್ಲಿ ಗಂಡುಗಿಡದ ಪರಾಗ ತರಿಸಿದರು. ಹಾಕುವ ಕೆಲಸ ಕುಂಚದಕ್ಕನಿಗೆ ಬಂತು. ಮೇಡಂ ಪಾಪ, "ಇದು ಹೂ ಬಿಡೋ ಗಿಡ ಅಲ್ಲ, ಸ್ವಲ್ಪ ಕೇಳಿ..." ಎಂದು ಶುರು ಮಾಡಿದರು.

"ಬಿಡಿ ಮೇಡಂ, ನೀವು ನಿಶ್ಚಿಂತೆಯಾಗಿ ಊರಿಗೆ ಹೋಗಿಬನ್ನಿ. ನಾನು ನಿನ್ನೆ ಮೊನ್ನೆ ಕುಂಚ ಹಿಡಿದವಳಲ್ಲ," ಎಂದು ಇವಳು ಮಾತು ಮುಗಿಸಿಬಿಟ್ಟಳು. ಅವರು ನಕ್ಕು ಹೊರಟುಹೋದರು.

ದೊಡ್ಡಪ್ಪನ ಕಣ್ಣಿಗೆ ಮಂಜು ಕವಿದಿತ್ತು. ಹತ್ತಿರದ್ದೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಏಣಿ ಹಿಡಿದು ಕೆಳಗೆ ನಿಂತ. "ಮಗಳೇ, ಇದರ ಮರಿಯನ್ನೊಂದು ಸಲ ಕೈಯಲ್ಲಿ ಮುಟ್ಟಿಬಿಟ್ರೆ ಸಾಕಮ್ಮ, ನನಗಿನ್ನೇನೂ ಬೇಡ," ಎಂದ. ಅಪ್ಪ ಹೋದ ಮೇಲೆ ಅವಳನ್ನು ಬೆನ್ನಿಗೆ ಹಾಕಿಕೊಂಡು ಬೆಳೆಸಿದವನು ಇವನು, ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಗರಿಗಳ ನಡುವೆ, ಗಿಡದ ನೆತ್ತಿಯಲ್ಲಿ, ಕಂದು ಉಣ್ಣೆ ಹೊದ್ದ ಪುಟ್ಟ ಎಲೆಗಳ ಗೂಡು. ಆ ಎಲೆಗಳ ಅಂಚಿನಲ್ಲೇ ಗೋಲಿಯಂಥ ಎಳೆ ಬೀಜಗಳು ರಾಜಾರೋಷವಾಗಿ ಕೂತಿದ್ದವು. ಎಸಳಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅವುಗಳ ಮೇಲೆ ಒದ್ದೆಯಿತ್ತು. ಒದ್ದೆ ಎಂದರೆ ಬೂಸ್ಟು ಬಂತೆಂದೇ ಅವಳ ಕಸುಬಿನ ಲೆಕ್ಕ. ಮೆತ್ತನೆ ಬಟ್ಟೆ ತೆಗೆದು ಒಂದೊಂದನ್ನೂ ಕನ್ನಡಿ ಒರೆಸಿದ ಹಾಗೆ ಒರೆಸಿದಳು. ಮರುದಿನವೂ ಒರೆಸಿದಳು. ಆಮೇಲೆ ಸೀಸೆ ಬಿಚ್ಚಿ, ಕುಂಚ ಅದ್ದಿ, ಕುಂಬಳದ ಹೂವಿನಲ್ಲಿ ಹುಡುಕುವಂತೆ ಅಂಟಂಟಾದ ತುದಿಗಾಗಿ ಹುಡುಕಿದಳು.

"ದೊಡ್ಡಪ್ಪ, ಇದರ ಬಾಯಿ ಎಲ್ಲಿ?"

"ಯಾರ ಬಾಯಿ?"

"ಪರಾಗ ಹಾಕೋ ಬಾಯಿ! ಹೂವಾದ್ರೆ ನಡುವೆ ಇರುತ್ತೆ. ಅಲ್ಲಿಗೆ ಮುಟ್ಟಿಸಿದ್ರೆ ಒಳಗಿನ ಕಾಯಿಗೆ ದಾರಿ ಸಿಗುತ್ತೆ."

"ಹೂವೇ ಇಲ್ಲ, ಕಾಯೂ ಇಲ್ಲ. ಬೀಜ ಬೆತ್ತಲೆ ಕೂತಿದೆ. ಮನೆಯೇ ಇಲ್ಲದವರಿಗೆ ಬಾಗಿಲು ಎಲ್ಲಿಂದ ಬರಬೇಕಮ್ಮ? ಗಂಡುಗಿಡ ಇದ್ದಾಗ ಗಾಳಿಗೆ ಧೂಳು ಹಾರೋದು, ತಾನಾಗೇ ಬೀಜ ಆಗೋದು. ನಾನು ಯಾವತ್ತು ಹತ್ತಿ ನೋಡಿದೀನಿ!"

ಸರಿ, ಹಾಗಾದರೆ ಬೀಜದ ಮೇಲೇ ಬಳಿಯೋಣ ಎಂದು ಬಳಿದಳು. ನುಣ್ಣಗೆ ಒರೆಸಿದ ಬೀಜದ ಮೇಲೆ ಪರಾಗ ನಿಂತರೆ ತಾನೇ? ಜಾರಿ, ಹಾರಿ, ಅವಳ ಮೂಗಿಗೇ ಬಂತು. ಒಂದು ಮಗ್ಗುಲಿನ ಬೀಜಗಳು ಮುಗಿಯುವಷ್ಟರಲ್ಲಿ ಸೀಸೆ ಅರ್ಧ ಖಾಲಿ. ಅವಳಿಗೆ ಜೀವ ಬಾಯಿಗೆ ಬಂದಂತಾಗಿ ಕುಂಚ ಕೆಳಗಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲುತ್ತಿದ್ದರು. ಇವಳು ತಲೆಗೆ ಹುಳ ಬಿಟ್ಟುಕೊಂಡಳು. ಬಾಯೇ ಇಲ್ಲದ್ದು ಉಣ್ಣುವುದಾದರೂ ಹೇಗೆ? ಬೆಳಗಾಗುತ್ತಲೇ ಭೂತಗಾಜು ಹಿಡಿದು ಏಣಿ ಹತ್ತಿದಳು. ನಿನ್ನೆ ಬಳಿದ ಮಗ್ಗುಲು ಒಣಗಿಯೇ ಇತ್ತು, ಇನ್ನೊಂದು ಮಗ್ಗುಲಿನ ಬೀಜಗಳ ಮೇಲೆ ಮತ್ತೆ ಒದ್ದೆ! ಥತ್, ಎಂದು ಬಟ್ಟೆ ಎತ್ತಿದವಳು ತಡೆದಳು. ಇಬ್ಬನಿಯಾಗಿದ್ದರೆ ಎಲ್ಲೆಂದರಲ್ಲಿ ಬೀಳಬೇಕಿತ್ತು. ಇದು ಪ್ರತಿ ಬೀಜದ ತುದಿಯಲ್ಲಿ, ಅದೇ ಜಾಗದಲ್ಲಿ, ಒಂದೇ ಒಂದು ಹನಿ. ನೋಡುತ್ತಿದ್ದಂತೆ ಪಕ್ಕದ ಬೀಜದ ತುದಿಯಲ್ಲೂ ಸೂಜಿಮೊನೆಯಷ್ಟು ಹನಿ ಒಳಗಿನಿಂದ ಒಸರಿ, ಮೆಲ್ಲಗೆ ಉಬ್ಬಿತು.

ಅಯ್ಯೋ, ಬಾಯಿ ಇದೇ! ಅಜ್ಜಿ ದಿನಾ ಬಾಯಿ ತೆರೆದು ಕೂತಿದ್ದರೆ ತಾನು ದಿನಾ ಒರೆಸಿ ಮುಚ್ಚಿದ್ದಳು!

ಕುಂಚದ ತುದಿಯಿಂದ ಚೂರು ಪರಾಗ ಉದುರಿಸಿದಳು. ಹನಿ ಅದನ್ನು ಹಿಡಿದುಕೊಂಡಿತು. ಅವಳು ಹೊಟ್ಟೆಯ ಹಸಿವು ಮರೆತು ಏಣಿಯ ಮೇಲೇ ಕೂತಳು. ಬಿಸಿಲೇರಿದಂತೆ ಹನಿ ಸಣ್ಣದಾಗುತ್ತಾ ಆಗುತ್ತಾ, ಪರಾಗದ ಸಮೇತ ಬೀಜದೊಳಕ್ಕೆ ಇಳಿದುಹೋಯಿತು.

"ನುಂಗಿತು ದೊಡ್ಡಪ್ಪ! ನುಂಗೇ ಬಿಡ್ತು!" ಎಂದು ಕೂಗಿ, ಅದೇ ಉಸಿರಿನಲ್ಲಿ ತಾನು ಒರೆಸಿದ್ದನ್ನೂ ಹೇಳಿ ಅತ್ತಳು.

"ಅಳಬೇಡ. ಉಳಿದಿದ್ದಕ್ಕೆ ಹಾಕು," ಎಂದ ಮುದುಕ. ಊರಿನಿಂದ ಬಂದ ಮೇಡಂ, "ಅವತ್ತು ಹೇಳೋಕೆ ಹೊರಟಿದ್ದು ಅದನ್ನೇ," ಎಂದಾಗ ಕುಂಚದಕ್ಕ ಮೊದಲ ಸಲ ಅವರ ಮಾತನ್ನು ಕೊನೆವರೆಗೂ ಕೇಳಿಸಿಕೊಂಡಳು.

ತಿಂಗಳುಗಳು ಕಳೆದವು. ಅಜ್ಜಿ ವಾಲಿ, ಗರಿ ಹಳದಿಯಾಗಿ, ಒಂದು ದಿನ ಉರುಳಿದಳು. ಅಷ್ಟರಲ್ಲಿ ಬೀಜಗಳು ಕೇಸರಿಗೆ ತಿರುಗಿದ್ದವು. ಆದರೆ ಬಣ್ಣ ನಂಬುವಂತಿಲ್ಲ, ಈ ಗಿಡದ ಜೊಳ್ಳೂ ಗಟ್ಟಿಯೂ ಹೊರಗಿನಿಂದ ಒಂದೇ ಎಂದು ಮೇಡಂ ಎಚ್ಚರಿಸಿದ್ದರು. ಜೊಳ್ಳಾದರೆ ನೀರಲ್ಲಿ ತೇಲುತ್ತದೆ, ಗಟ್ಟಿಯಾದರೆ ಮುಳುಗುತ್ತದೆ. ದೊಡ್ಡಪ್ಪ ತಗಡಿನ ಬಕೆಟ್ಟಿಗೆ ನೀರು ತುಂಬಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟ.

ಸಿಪ್ಪೆ ಸುಲಿದು ಒಂದು ಹಾಕಿದಳು. ತೇಲಿತು. ಇನ್ನೊಂದು, ಅದೂ ತೇಲಿತು. ಹನಿ ಒರೆಸಿ ಒಣಗಿದ ಮೇಲೆ ಪರಾಗ ಬಳಿದ ಮಗ್ಗುಲಿನವು ಒಂದರ ಹಿಂದೊಂದು ತೇಲಿ ಬಕೆಟ್ಟಿನ ಅಂಚಿಗೆ ಸೇರಿಕೊಂಡವು. ಅವಳು ತುಟಿ ಕಚ್ಚಿಕೊಂಡಳು. ತಳ ಮುಟ್ಟಿದ ಸದ್ದು ಕೇಳಿಸದೆಯೇ ದೊಡ್ಡಪ್ಪನಿಗೆ ಎಲ್ಲ ಗೊತ್ತಾಗುತ್ತಿತ್ತು.

ಇನ್ನೊಂದು ಮಗ್ಗುಲಿನ ಬೀಜವೊಂದನ್ನು ಬಿಟ್ಟಳು.

ಟಣ್.

ಮುದುಕ ಅಂಗಿಯ ತೋಳನ್ನೂ ಮಡಚದೆ ಕೈಯನ್ನು ಬಕೆಟ್ಟಿಗಿಳಿಸಿ, ತಳ ತಡಕಿ, ಬೀಜವನ್ನು ಮುಷ್ಟಿಯಲ್ಲಿ ಹಿಡಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇನ್ನೂ ಇದಾವಾ?"

"ಇದಾವೆ, ದೊಡ್ಡಪ್ಪ."

"ಹಾಕು ಮಗಳೇ. ನಿಧಾನವಾಗಿ ಒಂದೊಂದೇ ಹಾಕು, ನನಗೆ ಕೇಳಬೇಕು."