ದಾನೇಶ್ವರಿಯ ಚಪ್ಪಾಳೆ

ತಾರ್ನಾಕದ ಬಾಡಿಗೆ ಸ್ಟುಡಿಯೋದಲ್ಲಿ ಮೂವರು ಹಾಡುಗಾರರೂ ಒಂದೇ ಮೈಕಿನ ಸುತ್ತ ನಿಂತು ಹಾಡುತ್ತಿದ್ದರು. ಒಬ್ಬೊಬ್ಬರಾಗಿ ಹಾಡಿ ಆಮೇಲೆ ಜೋಡಿಸಿದರೆ, ಎದೆಯಾಳದಿಂದ ಹಾಡುವ ಅಮೆರಿಕದ ಸೋಲ್ ಸಂಗೀತಕ್ಕೆ ಜೀವ ಬರುವುದಿಲ್ಲವೆಂದು ಗಾನವಿಯ ಹಟ. ಮೈಸೂರಿನಿಂದ ಈ ತೆಲುಗು ಊರಿಗೆ ಐಟಿ ಕೆಲಸಕ್ಕೆ ಬಂದು ಈ ತಂಡ ಕಟ್ಟಿದವಳು ಅವಳೇ. ಕನ್ನಡದಲ್ಲಿ ಸೋಲ್ ಮತ್ತು ಕುಣಿಸುವ ತಾಳದ ಫಂಕ್ ಹಾಡುಗಳ ಅವರ ಮೊದಲ ಆಲ್ಬಮ್ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಹಾಡು. ಅದಕ್ಕೆ ರಾಗ ಹಾಕಿದವಳು ದಾನೇಶ್ವರಿ. ಇಡೀ ಆಲ್ಬಮ್ಮಿನಲ್ಲಿ ಅವಳದೆನ್ನುವ ರಾಗ ಅದೊಂದೇ.

ಅದನ್ನು ಕೆಡಿಸುತ್ತಿದ್ದವಳೂ ಅವಳೇ. ಫಂಕಿನಲ್ಲಿ ಮೊದಲ ಮಾತ್ರೆ ಡ್ರಮ್ಮಿನದು; ಚಪ್ಪಾಳೆ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಬೀಳಬೇಕು. ದಾನೇಶ್ವರಿಯ ಅಂಗೈಗಳು ಮೊದಲನೆಯದಕ್ಕೇ ಕೂಡುತ್ತಿದ್ದವು. ಅಜ್ಜ ಕಲಬುರ್ಗಿಯಿಂದ ಸರಕಾರಿ ನೌಕರಿಗೆ ಬಂದ ಕಾಲದಿಂದಲೂ ಅವರ ಮನೆಯಲ್ಲಿ ಶನಿವಾರದ ಭಜನೆ ತಪ್ಪಿದ್ದಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು ಕಲಿತ ತಾಳ ಬಿಡೆಂದರೆ ಬಿಡುವಂಥದಲ್ಲ. ಮೈಕು ಒಂದೇ ಆದ್ದರಿಂದ, ತಪ್ಪಿದ ಚಪ್ಪಾಳೆಯನ್ನು ಆಮೇಲೆ ಅಳಿಸುವಂತೆಯೂ ಇರಲಿಲ್ಲ.

ಗಾನವಿ ಕೈಕಟ್ಟಿ ಹಾಡಲು ಹೇಳಿದಳು. ದಾನೇಶ್ವರಿ ಹಾಗೇ ಹಾಡಿದಳು. ಸ್ವರ ಒಂದೂ ತಪ್ಪಲಿಲ್ಲ. ಆದರೆ ಯಾರದೋ ಅರ್ಜಿ ಓದಿ ಹೇಳಿದಂತಿತ್ತು.

"ಕೈಗೆ ಕೀಲಿ ಹಾಕಿದ್ರ ಈಕಿ ಗಂಟಲಕ್ಕೂ ಕೀಲಿ ಬೀಳತೈತಿ ನೋಡ್," ಎಂದ ಮೂರನೆಯ ಹಾಡುಗಾರ ಅಮೋಲ್.

ದಾನೇಶ್ವರಿ ಮೈಕಿನಿಂದ ಹಿಂದೆ ಸರಿದಳು. "ನೀವಿಬ್ರೂ ಹಾಡ್ರಿ. ನಾ ಹೊರಗ ಕುಂದರ್ತೀನಿ."

ತನ್ನ ರಾಗವನ್ನು ಬೇರೆಯವರ ದನಿಗೆ ಒಪ್ಪಿಸಿಬಿಡುವುದು ಇಷ್ಟು ಸಣ್ಣ ಮಾತಿನಲ್ಲಿ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಡ್ರಮ್ಮಿನ ಹಿಂದೆ ಕೂತಿದ್ದ ಸೂರಜ್, ಮನೆಯಲ್ಲಿ ಹಾಡುವ ಹಾಗೆಯೇ ಒಮ್ಮೆ ಹಾಡೆಂದು ಕೇಳಿಕೊಂಡ. ಅವಳು ಬೇಸರದಿಂದಲೇ ಚಪ್ಪಾಳೆ ತಟ್ಟುತ್ತ ಶುರುಮಾಡಿದಳು. ಎರಡು ಸಾಲು ಕೇಳಿ ಅವನು ಕೋಲು ಕೆಳಗಿಟ್ಟ.

"ತಪ್ಪು ನಂದೈತಿ. ಫಂಕ್‌ನಾಗ ಮೊದಲ್ನೇ ಮಾತ್ರಿನೇ ಮಾಲಕ. ಅಲ್ಲಿ ನಾನೂ ಗುದ್ದಾಕತ್ತೀನಿ, ನೀನೂ ತಟ್ಟಾಕತ್ತೀ. ಒಂದ್ ಕುರ್ಚಿಗೆ ಇಬ್ರು ಯಾಕ? ನಾ ಏಳ್ತೀನಿ, ನೀ ಕುಂದ್ರು."

ಮೊದಲ ಮಾತ್ರೆಗೆ ಡ್ರಮ್ಮೇ ಇಲ್ಲದೆ ಹಾಡು ಜೋಲಿ ಹೊಡೆಯುತ್ತದೆ ಎಂದು ಗಾನವಿ ತಕರಾರು ತೆಗೆದಳು. ಒಂದು ಸಲ ನೋಡೋಣವೆಂದ ಸೂರಜ್.

ಈ ಸಲ ಮೊದಲ ಮಾತ್ರೆಯನ್ನು ಉಳಿದವರೆಲ್ಲ ಬಿಟ್ಟುಕೊಟ್ಟರು. ಆ ಖಾಲಿ ಜಾಗದಲ್ಲಿ ದಾನೇಶ್ವರಿಯ ಚಪ್ಪಾಳೆ ಒಂದೇ ಬಿತ್ತು. ಡ್ರಮ್ಮು, ಗಾನವಿ ಮತ್ತು ಅಮೋಲರ ಕೈಗಳು ಎರಡನೆಯ, ನಾಲ್ಕನೆಯ ಮಾತ್ರೆಗಳಲ್ಲಿ ಅದಕ್ಕೆ ಉತ್ತರ ಕೊಟ್ಟವು. ದಾನೇಶ್ವರಿಯ ತಗ್ಗು ದನಿ ತಾನಾಗಿ ಬಿಚ್ಚಿಕೊಂಡಿತು. ಗಾನವಿಯ ಭುಜ ತೂಗತೊಡಗಿದ್ದು ಅವಳಿಗೆ ಕಾಣಿಸಿತು.

ರೆಕಾರ್ಡಾದದ್ದನ್ನು ಎಲ್ಲರೂ ಕೂತು ಕೇಳಿದರು.

"ಇದೇ ಇರಲಿ ಕಣೇ," ಎಂದಳು ಗಾನವಿ, ಮೆಲ್ಲಗೆ.

ಆಲ್ಬಮ್ಮಿನ ಮೇಲೆ ದಾನೇಶ್ವರಿಯ ಹೆಸರಿನ ಮುಂದೆ ಹಾಡು ಎಂದು ಹಾಕುವುದೋ, ಚಪ್ಪಾಳೆ ಎಂದು ಹಾಕುವುದೋ ಎಂದು ಅಮೋಲ್ ಕೇಳಿದ.

"ಎರಡೂ ಹಾಕು," ಎಂದಳು ದಾನೇಶ್ವರಿ. "ರಾಗ ಅನ್ನೋದನ್ನೂ ಮರೀಬ್ಯಾಡ."